ತೋಟದೊಳಗೆ ನಿಂತು ಬರೆಯುವವರ ಕಡೆಯಿಂದ: ಬೆಳೆ ಸಮೀಕ್ಷೆ ಕುರಿತು ಸಚಿವರಿಗೆ ಕೊಡಗಿನ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರು ಹಾಗೂ ಮಾನ್ಯ ಕೃಷಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು, ಇವರಿಗೆ.

ಕೊಡಗು ಜಿಲ್ಲಾ ಉಸ್ತುವಾರಿ ಸಚಿವರು ಹಾಗೂ ಮಡಿಕೇರಿ, ವಿರಾಜಪೇಟೆ ಕ್ಷೇತ್ರಗಳ ಶಾಸಕರ ಗಮನಕ್ಕೂ.

ವಿಷಯ: ಕೊಡಗಿನಲ್ಲಿ ಬೆಳೆ ಸಮೀಕ್ಷೆ ನಡೆಯುತ್ತಿರುವ ರೀತಿ, ಅದರಿಂದ ಸಣ್ಣ ಬೆಳೆಗಾರರಿಗೆ ಆಗುತ್ತಿರುವ ನಷ್ಟ ಮತ್ತು ಸಮೀಕ್ಷೆ ಮಾಡುವವರ ಸ್ಥಿತಿಗತಿ.

ಮಾನ್ಯರೇ,

ಕೊಡಗು ಜಿಲ್ಲೆಯ ಒಂದು ಹೋಬಳಿಯಲ್ಲಿ ಬೆಳೆ ಸಮೀಕ್ಷೆ ಮಾಡುವ, ಇಲಾಖೆಯ ಮಾತಿನಲ್ಲಿ ‘ಖಾಸಗಿ ನಿವಾಸಿ’ ಎನಿಸಿಕೊಂಡವರಲ್ಲಿ ನಾನೂ ಒಬ್ಬ. ಮುಂಗಾರು, ಹಿಂಗಾರು, ಬೇಸಿಗೆ ಎಂದು ವರ್ಷಕ್ಕೆ ಮೂರು ಸಲ, ನಮಗೆ ಹಂಚಿಕೊಟ್ಟ ಗ್ರಾಮದ ಒಂದೊಂದು ಸರ್ವೆ ನಂಬರಿಗೂ ಅದರೊಳಗಿನ ಒಂದೊಂದು ಹಿಸ್ಸಾಕ್ಕೂ ಹೋಗಿ, ಅಲ್ಲಿ ನಿಂತು, ಯಾವ ಬೆಳೆ ಎಷ್ಟು ವಿಸ್ತೀರ್ಣದಲ್ಲಿದೆ ಎಂದು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿ, ಫೋಟೊ ತೆಗೆದು ಕಳಿಸುವುದು ನಮ್ಮ ಕೆಲಸ. ನಾವು ಸರ್ಕಾರಿ ನೌಕರರಲ್ಲ, ಗುತ್ತಿಗೆ ನೌಕರರೂ ಅಲ್ಲ. ತಾಕಿಗೆ, ಅಂದರೆ ಒಂದೊಂದು ಜಮೀನಿನ ತುಂಡಿಗೆ, ಇಷ್ಟು ಎಂದು ಲೆಕ್ಕ ಹಾಕಿ ಕೊಡುವ ಸಂಭಾವನೆ ಬಿಟ್ಟರೆ ನಮಗೂ ಇಲಾಖೆಗೂ ಬೇರೆ ಸಂಬಂಧವಿಲ್ಲ. ಹೆಸರು, ಊರು ಹಾಕದೆ ಈ ಪತ್ರ ಬರೆಯುತ್ತಿರುವುದಕ್ಕೆ ಕಾರಣವೂ ಅದೇ. ಮುಂದಿನ ಹಂಗಾಮಿಗೆ ನಮ್ಮನ್ನು ಕರೆಯದಿದ್ದರೆ ಏಕೆ ಕರೆಯಲಿಲ್ಲ ಎಂದು ಕೇಳಲು ನಮ್ಮ ಕೈಯಲ್ಲಿ ಒಂದು ಕಾಗದವೂ ಇಲ್ಲ.

ಸಂಭಾವನೆಯ ವಿಷಯ ಮುಂದೆ ಬರುತ್ತದೆ. ಅದಕ್ಕಿಂತ ಮೊದಲು, ನಾವು ಬರೆದು ಕಳಿಸಿದ ಎರಡು ಸಾಲು ರೈತನ ಪಾಲಿಗೆ ಏನಾಗುತ್ತದೆ ಎಂಬುದನ್ನು ತಮ್ಮ ಮುಂದೆ ಇಡಬೇಕಾಗಿದೆ. ಪಹಣಿಯ ಬೆಳೆ ಕಾಲಂ ತುಂಬುವುದು ಈ ಸಮೀಕ್ಷೆಯಿಂದ. ಬೆಳೆ ವಿಮೆಗೆ ಅರ್ಜಿ ಹಾಕಿದವನು ತೋರಿಸಿದ ಬೆಳೆಯೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿದೆಯೇ ಎಂದು ತಾಳೆ ನೋಡುವುದು ಇದರಿಂದ. ಅತಿವೃಷ್ಟಿಯಲ್ಲಿ ಬೆಳೆ ಹೋದಾಗ ಪರಿಹಾರದ ಪಟ್ಟಿ ಸಿದ್ಧಪಡಿಸುವಾಗಲೂ, ಬೆಂಬಲ ಬೆಲೆಯಲ್ಲಿ ಭತ್ತ ಕೊಡಲು ಹೋದಾಗಲೂ ರೈತರ ನೋಂದಣಿಗಿರುವ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆಯ ಜೊತೆ ಇದೇ ಮಾಹಿತಿಯನ್ನು ತೆರೆಯುತ್ತಾರೆ. ರಾಜ್ಯ ವಿಪತ್ತು ಸ್ಪಂದನ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯಂತೆ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ, ನಿಗದಿಯಾಗಿತ್ತು. ಈ ಎರಡು ದರಗಳ ನಡುವಿನ ಅಂತರವನ್ನು ದಯವಿಟ್ಟು ಗಮನಿಸಿ. ತಾಕಿನಲ್ಲಿ ನಿಂತವನು ಅಡಿಕೆ ಎಂದು ಬರೆದನೋ ಭತ್ತ ಎಂದು ಬರೆದನೋ, ಅಥವಾ ಮಳೆಗೆ ಹೆದರಿ ಹೋಗದೆ ಪಾಳು ಎಂದು ಬರೆದನೋ ಎಂಬುದರ ಮೇಲೆ ಒಂದು ಮನೆಗೆ ಬರುವ ಹಣ ನಿಂತಿದೆ.

ಕೊಡಗಿನ ತೋಟ ಬಯಲುಸೀಮೆಯ ಹೊಲದಂತಲ್ಲ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಆದರೆ ಸಮೀಕ್ಷೆಯ ಮಟ್ಟಿಗೆ ಅದರ ಅರ್ಥವೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಒಂದೂವರೆ ಎಕರೆಯ ಒಂದು ಹಿಡುವಳಿಯನ್ನೇ ತೆಗೆದುಕೊಳ್ಳೋಣ. ಕೆಳಗೆ ರೋಬಸ್ಟಾ ಕಾಫಿ. ನಡುನಡುವೆ, ಹಿಂದಿನವರು ನೆಟ್ಟ ಹತ್ತಾರು ಅರೇಬಿಕಾ ಗಿಡಗಳು. ನೆರಳಿಗೆ ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ. ಆ ಮರಗಳಲ್ಲಿ ಹೆಚ್ಚಿನವುಗಳ ಮೇಲೆ ಕಾಳುಮೆಣಸಿನ ಬಳ್ಳಿ. ತೋಡಿನ (ಸಣ್ಣ ಹಳ್ಳದ) ಬದಿಯ ತೇವದ ಜಾಗದಲ್ಲಿ ಅಡಿಕೆ, ಅದರ ಬುಡದಲ್ಲಿ ನಾಲ್ಕು ಹಿಂಡು ಏಲಕ್ಕಿ. ಮನೆಯ ಹತ್ತಿರ ಉಳಿದುಕೊಂಡಿರುವ ಕಿತ್ತಳೆ ಮರಗಳು. ಇಷ್ಟೂ ಒಂದೇ ನೆಲದಲ್ಲಿದೆ, ಒಂದರ ಮೇಲೊಂದು ಇದೆ. ಆ್ಯಪ್‌ನಲ್ಲಿ ಮಿಶ್ರ ಬೆಳೆ ಎಂದು ನಮೂದಿಸಲು ಅವಕಾಶವೇನೋ ಇದೆ. ಆದರೆ ಕಾಫಿಯ ನೆತ್ತಿಯ ಮೇಲೆ ಬೆಳೆಯುವ ಮೆಣಸಿಗೆ ಎಷ್ಟು ಗುಂಟೆ ಕೊಡಬೇಕು, ಬಳ್ಳಿ ಎಣಿಸಿ ವಿಸ್ತೀರ್ಣಕ್ಕೆ ಪರಿವರ್ತಿಸಬೇಕಾದರೆ ಎಷ್ಟು ಬಳ್ಳಿಗೆ ಒಂದು ಎಕರೆ, ಕಾಯಿ ಬಿಡದ ಎಳೆ ಬಳ್ಳಿಯನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ನಮಗೆ ಯಾರೂ ಬರಹದಲ್ಲಿ ಕೊಟ್ಟಿಲ್ಲ. ತರಬೇತಿ ಎಂದು ಕರೆದ ದಿನ ಆ್ಯಪ್ ಡೌನ್‌ಲೋಡ್ ಮಾಡುವುದು, ಲಾಗಿನ್ ಆಗುವುದು, ಫೋಟೊ ಅಪ್‌ಲೋಡ್ ಮಾಡುವುದು ಹೇಗೆಂದು ತೋರಿಸಿ ಕಳಿಸುತ್ತಾರೆ. ಉದಾಹರಣೆಗೆ ತೋರಿಸುವ ಚಿತ್ರದಲ್ಲಿ ಇರುವುದು ಯಾವುದೋ ಬಯಲು ಜಿಲ್ಲೆಯ ರಾಗಿ ಹೊಲವೋ ಜೋಳದ ಹೊಲವೋ. ಹೀಗಾಗಿ ಒಬ್ಬೊಬ್ಬ ಸಮೀಕ್ಷೆಗಾರ ಒಂದೊಂದು ರೀತಿ ಬರೆಯುತ್ತಾನೆ. ಪಕ್ಕಪಕ್ಕದ ಎರಡು ತೋಟಗಳಲ್ಲಿ ಬಳ್ಳಿಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇದ್ದರೂ ಒಂದರ ಪಹಣಿಯಲ್ಲಿ ಮೆಣಸು ಇರುತ್ತದೆ, ಇನ್ನೊಂದರಲ್ಲಿ ಬರೀ ಕಾಫಿ.

ಬರೀ ಕಾಫಿ ಎಂದು ಬರೆದರೆ ಏನಾಗುತ್ತದೆ? ನಮ್ಮ ಜಿಲ್ಲೆಯಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಇರುವುದು ಮೆಣಸಿಗೆ, ಅಡಿಕೆಗೆ. ಮೆಣಸಿಗೆ ವಿಮೆ ಮಾಡಿಸಿ, ವಿಮಾ ಮೊತ್ತದ ಶೇ 5ರಷ್ಟು ಕಂತನ್ನು ಕೈಯಿಂದ ಕಟ್ಟಿದ ರೈತನ ತಾಕಿನಲ್ಲಿ ಸಮೀಕ್ಷೆಯ ಪ್ರಕಾರ ಮೆಣಸೇ ಇಲ್ಲವಾದರೆ ಆ ಅರ್ಜಿ ತಾಳೆಯಾಗದ ಪಟ್ಟಿಗೆ ಬೀಳುತ್ತದೆ. ನನ್ನ ಪಕ್ಕದ ಗ್ರಾಮದಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿರುವ ಹಿರಿಯ ತಾಯಿಯೊಬ್ಬರಿದ್ದಾರೆ. ಎಡೆಬಿಡದ ಮಳೆಗೆ ಶೀಘ್ರ ಸೊರಗು ರೋಗ ಬಂದು ಅವರ ಬಳ್ಳಿಗಳು ಕಪ್ಪಾಗಿ ಎಲೆ ಉದುರಿಸಿ ಮರದಿಂದ ಕಳಚಿ ನೇತಾಡುತ್ತಿದ್ದವು. ಮಳೆಗಾಲಕ್ಕೆ ಮೊದಲೇ ಆಳು ಹಿಡಿದು ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದರು, ವಿಮೆಯನ್ನೂ ಮಾಡಿಸಿದ್ದರು. ಊರಿನ ಇತರರ ಖಾತೆಗೆ ವಿಮೆ ಹಣ ಬಂತು, ಅವರಿಗೆ ಬರಲಿಲ್ಲ. ಕೇಳಿಕೊಂಡು ಹೋದ ಕಚೇರಿಯಲ್ಲಿ, ಸಮೀಕ್ಷೆಯಲ್ಲಿ ನಿಮ್ಮದು ಕಾಫಿ ಮಾತ್ರ ಎಂದು ಇದೆ, ನಾವೇನೂ ಮಾಡುವಂತಿಲ್ಲ ಎಂದರಂತೆ. ಆ ಹಂಗಾಮಿನಲ್ಲಿ ಅವರ ತೋಟಕ್ಕೆ ಸಮೀಕ್ಷೆಗೆ ಯಾರೂ ಬಂದದ್ದನ್ನು ಅವರು ಕಂಡಿಲ್ಲ. ಮುಂದಿನ ಹಂಗಾಮಿಗೆ ಆ ಗ್ರಾಮ ನನ್ನ ಪಾಲಿಗೆ ಬಂದಾಗ ಅವರು ನನ್ನ ಹಿಂದೆಯೇ ಮರದಿಂದ ಮರಕ್ಕೆ ನಡೆದು, "ಇದನ್ನು ಬರೆದೆಯಾ ಮಗ? ಇದನ್ನು ಬರೆದೆಯಾ?" ಎಂದು ಒಂದೊಂದು ಬಳ್ಳಿಯನ್ನೂ ಮುಟ್ಟಿ ತೋರಿಸಿದರು. ಅಷ್ಟರಲ್ಲಿ ಅರ್ಧಕ್ಕರ್ಧ ಮರಗಳು ಬೋಳಾಗಿದ್ದವು.

ಆಕ್ಷೇಪಣೆ ಸಲ್ಲಿಸಲು ಬೆಳೆ ದರ್ಶಕ್ ಆ್ಯಪ್ ಇದೆಯಲ್ಲ, 2020ರಿಂದ ರೈತರೇ ತಮ್ಮ ಬೆಳೆಯನ್ನು ದಾಖಲಿಸಬಹುದಾದ ಆ್ಯಪ್ ಕೂಡ ಇದೆಯಲ್ಲ ಎಂದು ತಾವು ಕೇಳಬಹುದು. ಇವೆ, ಮತ್ತು ಅವು ಒಳ್ಳೆಯ ವ್ಯವಸ್ಥೆಗಳೇ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ, ಮನೆಯ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆಗಳಲ್ಲಿ ಅವುಗಳನ್ನು ತೆರೆದು, ಫೋಟೊ ನೋಡಿ, ತಪ್ಪು ಹುಡುಕಿ, ಗಡುವಿನೊಳಗೆ ಆಕ್ಷೇಪಣೆ ಹಾಕುವವರು ಯಾರು? ನನಗೆ ತಿಳಿದ ಮಟ್ಟಿಗೆ, ತಪ್ಪಾಗಿದೆ ಎಂದು ರೈತರಿಗೆ ಗೊತ್ತಾಗುವುದು ಹಣ ಬಾರದೆ ಹೋದಾಗ. ಆ ಹೊತ್ತಿಗೆ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ.

ಇನ್ನೊಂದು ತೊಡಕು ಜಮ್ಮಾ ಭೂಮಿಯದು, ಅಂದರೆ ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಭೂಮಿಯದು. ಐನ್‌ಮನೆಯ (ಮನೆತನದ ಮೂಲ ಮನೆಯ) ಹಿರಿಯರ ಕಾಲದಿಂದ ಬಂದ ಗದ್ದೆ, ಬಾಣೆಗಳ (ಗದ್ದೆಗೆ ಹೊಂದಿದ ಗುಡ್ಡದ ಜಾಗಗಳ) ಪಹಣಿಯಲ್ಲಿ ಮನೆತನದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿನ ಜೊತೆ ಒಕ್ಕದ (ಮನೆತನದ) ಹಲವರ ಹೆಸರುಗಳು ಒಟ್ಟಾಗಿ ಇರುತ್ತವೆ. ಅವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಊರು ಬಿಟ್ಟಿರುತ್ತಾರೆ. ನೆಲದ ಮೇಲೆ ಮಾತ್ರ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬೇಲಿ ಹಾಕಿಕೊಂಡು, ತಮ್ಮ ತಮ್ಮ ಭಾಗವನ್ನು ಸಾಗು ಮಾಡುತ್ತಿದ್ದಾರೆ. ಒಂದೇ ಸರ್ವೆ ನಂಬರಿನ ಗದ್ದೆಯಲ್ಲಿ ಅಣ್ಣ ನಾಟಿ ಮಾಡಿದ್ದಾನೆ, ತಮ್ಮನ ಭಾಗ ಆಳು ಸಿಗದೆ ಪಾಳು ಬಿದ್ದಿದೆ, ಮೂರನೆಯವನು ಶುಂಠಿಗೆ ಕೊಟ್ಟಿದ್ದಾನೆ. ಅಲ್ಲಿ ನಿಂತು ನಾನು ಯಾರ ಹೆಸರಿನ ಮುಂದೆ ಯಾವ ಬೆಳೆ ಬರೆಯಬೇಕು? ಅಣ್ಣ ಹೇಳಿದಂತೆ ಬರೆದರೆ ತಮ್ಮ ಜಗಳಕ್ಕೆ ಬರುತ್ತಾನೆ. ಇಬ್ಬರನ್ನೂ ಕೂರಿಸಿ ಇತ್ಯರ್ಥ ಮಾಡುವ ಅಧಿಕಾರ ನನಗಿಲ್ಲ, ಇರಬೇಕಾದದ್ದೂ ಇಲ್ಲ. ಪಹಣಿ ಸರಿಪಡಿಸುವ ಕೆಲಸ ಬಹಳ ದೊಡ್ಡದು, ಅದು ಈ ಪತ್ರದ ವಿಷಯವಲ್ಲ. ಅದು ಆಗುವವರೆಗೆ, ಇಂಥ ತಾಕುಗಳನ್ನು ಗ್ರಾಮ ಆಡಳಿತ ಅಧಿಕಾರಿಗಳು ಸ್ಥಳಕ್ಕೆ ಬಂದು, ಸಾಗು ಮಾಡುವವರ ಸಮ್ಮುಖದಲ್ಲಿ ನಮ್ಮೊಂದಿಗೆ ನಿಂತು ದಾಖಲಿಸಬೇಕು ಎಂದಷ್ಟೇ ಕೇಳುತ್ತಿದ್ದೇನೆ.

ಜಾಗ ಗುರುತಿಸುವುದರಲ್ಲಿಯೂ ಕಷ್ಟವಿದೆ. ದಟ್ಟ ನೆರಳಿನ ತೋಟದೊಳಗೆ ಫೋನಿನ ಜಿಪಿಎಸ್ ನಿಖರವಾಗಿ ಹಿಡಿಯುವುದಿಲ್ಲ. ನಾನು ನಿಂತಿರುವುದು ತೋಡಿನ ಈಚೆ ದಡದಲ್ಲಿ, ಪರದೆಯ ಮೇಲೆ ಚುಕ್ಕಿ ಇರುವುದು ಆಚೆ ದಡದ ಇನ್ನೊಬ್ಬರ ತೋಟದಲ್ಲಿ. ತಾಕಿನ ಗಡಿಯೊಳಗೆ ಇಲ್ಲ ಎಂದು ಆ್ಯಪ್ ಮುಂದುವರಿಯಲು ಬಿಡುವುದಿಲ್ಲ. ಬಯಲು ಸಿಗುವವರೆಗೆ ಇಳಿಜಾರಿನಲ್ಲಿ ಹತ್ತಿ ಇಳಿದು, ಮತ್ತೆ ಪ್ರಯತ್ನಿಸಬೇಕು. ಬಯಲಿನ ಜಿಲ್ಲೆಯಲ್ಲಿ ಬೈಕಿನಲ್ಲಿ ಹೋಗುತ್ತಾ ಮುಗಿಸಬಹುದಾದ ಸಂಖ್ಯೆಯ ತಾಕುಗಳಿಗೆ ಇಲ್ಲಿ ಅದರ ಎಷ್ಟೋ ಪಟ್ಟು ಸಮಯ ಬೇಕು. ಸಂಭಾವನೆ ಮಾತ್ರ ತಾಕಿಗೆ ಅಷ್ಟೇ. ಎರಡು ಎಕರೆ ಸಮತಟ್ಟಾದ ಜೋಳದ ಹೊಲಕ್ಕೂ, ಜೀಪು ನಿಲ್ಲುವ ಜಾಗದಿಂದ ಮುಕ್ಕಾಲು ಗಂಟೆ ಏರಿ ತಲುಪಬೇಕಾದ, ಆರು ಬೆಳೆ ದಾಖಲಿಸಬೇಕಾದ ಬಾಣೆಗೂ ಒಂದೇ ದರ ಎಂಬುದು ಯಾವ ನ್ಯಾಯ?

ಈಗ ಕಾಲದ ವಿಷಯ. ಮುಂಗಾರು ಸಮೀಕ್ಷೆಯ ಅವಧಿಯನ್ನು ಇಡೀ ರಾಜ್ಯಕ್ಕೆ ಒಟ್ಟಿಗೆ ನಿಗದಿಪಡಿಸುತ್ತಾರೆ. ಅದು ನಮ್ಮಲ್ಲಿ ಬಂದು ಬೀಳುವುದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ, ಮಳೆಯ ನಡುವೆ. ಭಾಗಮಂಡಲ, ಶಾಂತಳ್ಳಿ, ಶ್ರೀಮಂಗಲದಂಥ ಕಡೆ ಆ ದಿನಗಳಲ್ಲಿ ಮಳೆ ಹೇಗೆ ಹೊಡೆಯುತ್ತದೆ ಎಂಬುದನ್ನು ಕಂಡವರೇ ಬಲ್ಲರು. ಕಾವೇರಿ ತುಂಬಿ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆಗಳ ಮೇಲೆ ನೀರು ಬರುತ್ತದೆ. ಮರ ಬಿದ್ದು ದಾರಿ ಕಟ್ಟುತ್ತದೆ. ರೆಡ್ ಅಲರ್ಟ್ ಎಂದು ಶಾಲೆ, ಅಂಗನವಾಡಿಗಳಿಗೆ ರಜೆ ಘೋಷಿಸುವ ದಿನವೇ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಿಮ್ಮ ಗ್ರಾಮದ ಪ್ರಗತಿ ಹಿಂದೆ ಬಿದ್ದಿದೆ, ಇಂದು ಸಂಜೆಯೊಳಗೆ ಇಷ್ಟು ತಾಕು ಆಗಬೇಕು ಎಂಬ ಸೂಚನೆ ಬರುತ್ತದೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯ ಒದ್ದೆ ಬೆರಳಿನಲ್ಲಿ ಪರದೆ ಒತ್ತಿದರೆ ಅದು ಬೇರೆಯದೇ ಬೆಳೆಯನ್ನು ಆರಿಸುತ್ತದೆ. ಅದನ್ನು ಅಳಿಸಿ ಮತ್ತೆ ಒತ್ತುವಷ್ಟರಲ್ಲಿ ಕಾಲಿಗೆ ಜಿಗಣೆ ಹತ್ತಿರುತ್ತದೆ. ತೆಗೆದ ಫೋಟೊದಲ್ಲಿ ಮಂಜು ಮಾತ್ರ ಕಾಣುತ್ತದೆ ಎಂದು ಮೇಲಿನವರು ತಿರಸ್ಕರಿಸುತ್ತಾರೆ; ತಿರಸ್ಕೃತವಾದ ತಾಕಿಗೆ ಮತ್ತೊಮ್ಮೆ ಹೋಗಬೇಕು, ಹಾಗೆ ಎರಡನೆಯ ಸಲ ಹೋದದ್ದಕ್ಕೆ ಹಣವಿಲ್ಲ. ಇನ್ನು ಗದ್ದೆಗಳ ಮಾತು ಬೇರೆಯೇ. ನಮ್ಮಲ್ಲಿ ನಾಟಿ ಕೆಲಸ ಮುಗಿದು ಕೈಲ್ ಮುಹೂರ್ತ ಹಬ್ಬ ಬರುವುದು ಸೆಪ್ಟೆಂಬರಿನಲ್ಲಿ. ನಾಟಿಯೇ ಆಗದ ಗದ್ದೆಗೆ ಹೋಗಿ ಅಲ್ಲಿ ಭತ್ತವಿದೆಯೇ ಎಂದು ದಾಖಲಿಸು ಎಂದರೆ, ಇಲ್ಲ ಎಂದು ಬರೆಯುವುದು ಆ ಕ್ಷಣಕ್ಕೆ ಸತ್ಯ, ಒಂದು ತಿಂಗಳ ನಂತರ ಸುಳ್ಳು.

ಅಮ್ಮತ್ತಿ, ಸಿದ್ದಾಪುರ, ತಿತಿಮತಿ, ಬಾಳೆಲೆ ಕಡೆ ಕೆಲಸ ಮಾಡುವ ನನ್ನ ಜೊತೆಗಾರರಿಗೆ ಮಳೆಗಿಂತ ದೊಡ್ಡ ಭಯ ಆನೆಯದು. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರದವರೆಗೂ ಗೊತ್ತಾಗುವುದಿಲ್ಲ. ತೋಟದ ಕಾರ್ಮಿಕರು, ಬೆಳಿಗ್ಗೆ ಹಾಲು ಕೊಡಲು ಹೊರಟವರು, ಶಾಲೆಗೆ ಹೋಗುವ ಮಕ್ಕಳು ಆ ದಾರಿಗಳಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುವುದು ತಮಗೆ ಗೊತ್ತಿರುವುದೇ. ಅರಣ್ಯ ಇಲಾಖೆಯವರು ಯಾವ ತೋಟದಲ್ಲಿ ಆನೆಗಳಿವೆ ಎಂದು ಊರಿನವರಿಗೆ ಸಂದೇಶ ಕಳಿಸುತ್ತಾರೆ. ನಾವು ಆ ಊರಿನವರಾಗಿದ್ದರೆ ನಮಗೂ ಬರುತ್ತದೆ, ಬೇರೆ ಊರಿನ ಗ್ರಾಮವನ್ನು ಹಂಚಿಕೊಟ್ಟಿದ್ದರೆ ಬರುವುದಿಲ್ಲ. ಸಮೀಕ್ಷೆಗೆ ಹೋದವನು ಆನೆಯ ಕಾಲಿಗೆ ಸಿಕ್ಕರೆ, ಗುಡ್ಡದ ಬರೆ ಕುಸಿದು ಮಣ್ಣಿನಡಿ ಹೋದರೆ, ಹಾವು ಕಚ್ಚಿದರೆ ಅವನ ಮನೆಯವರಿಗೆ ಕೊಡಲು ಅವನು ಸರ್ಕಾರದ ಕೆಲಸದಲ್ಲಿದ್ದ ಎಂಬ ಒಂದು ಗುರುತಿನ ಚೀಟಿಯೂ ಇರುವುದಿಲ್ಲ. ಗುರುತಿನ ಚೀಟಿ ಇಲ್ಲದಿರುವುದರಿಂದ ಇನ್ನೊಂದು ಸಂಕಟವೂ ಇದೆ. ಕಾಫಿಗೂ ಮೆಣಸಿಗೂ ಒಳ್ಳೆಯ ಬೆಲೆ ಬಂದ ಮೇಲೆ, 2025ರ ಆರಂಭದಲ್ಲಿ 50 ಕಿಲೋ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಚೀಲಕ್ಕೆ 10,000 ರೂಪಾಯಿಗೂ ಹೆಚ್ಚು ಬೆಲೆ ಇದ್ದಾಗಿನಿಂದಂತೂ, ತೋಟಗಳಲ್ಲಿ ಕಳ್ಳತನದ ಹೆದರಿಕೆ ಹೆಚ್ಚಿದೆ. ಫೋನ್ ಹಿಡಿದು ಬಳ್ಳಿಗಳ ಫೋಟೊ ತೆಗೆಯುತ್ತಾ ತಿರುಗುವ ಅಪರಿಚಿತನನ್ನು ಮಾಲೀಕರು ಅನುಮಾನದಿಂದ ನೋಡಿದರೆ ಅವರನ್ನು ದೂರುವುದು ಹೇಗೆ?

ಇಷ್ಟರ ನಡುವೆ ಮಾಡಿದ ಕೆಲಸದ ಹಣ ಯಾವಾಗ ಬರುತ್ತದೆ ಎಂಬುದು ಯಾರಿಗೂ ತಿಳಿಯದು. ಒಂದು ಹಂಗಾಮಿನ ಸಂಭಾವನೆ ಮುಂದಿನ ಹಂಗಾಮು ಶುರುವಾದ ಮೇಲೂ ಬಾರದಿದ್ದದ್ದು ನನ್ನ ಅನುಭವ. ಪೆಟ್ರೋಲ್, ಡೇಟಾ, ಮಳೆಯಲ್ಲಿ ಹಾಳಾದ ಫೋನಿನ ರಿಪೇರಿ ಎಲ್ಲವೂ ನಮ್ಮ ಕೈಯಿಂದ. ಕೇಳಲು ಹೋದರೆ ಒಂದು ಕಚೇರಿಯವರು ಇನ್ನೊಂದು ಇಲಾಖೆಯ ಕಡೆ ಕೈ ತೋರಿಸುತ್ತಾರೆ, ಆ ಇಲಾಖೆಯವರು ಬೆಂಗಳೂರಿನ ಕಡೆ. ಸಮೀಕ್ಷೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳೆಲ್ಲ ಸೇರಿ ಮಾಡುವ ಕೆಲಸವಾಗಿರುವುದರಿಂದ ಪ್ರಗತಿ ಕೇಳುವವರು ಮೂವರಿದ್ದಾರೆ, ಬಾಕಿಗೆ ಉತ್ತರ ಕೊಡುವವರು ಒಬ್ಬರೂ ಇಲ್ಲ. ಇಬ್ಬರು ಸಚಿವರಿಗೂ ಸೇರಿಸಿ ಈ ಪತ್ರ ಬರೆಯಲು ಇದೇ ಕಾರಣ.

ಮಾನ್ಯರೇ, ಇಂಥ ಸ್ಥಿತಿಯಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಪ್ರಾಮಾಣಿಕವಾಗಿ ಒಂದೊಂದು ತಾಕಿಗೂ ಇಳಿಯುವವನು ದಿನಕ್ಕೆ ಕೆಲವನ್ನು ಮುಗಿಸಿ ನಷ್ಟ ಮಾಡಿಕೊಳ್ಳುತ್ತಾನೆ. ರಸ್ತೆ ಬದಿಯಲ್ಲಿ ನಿಂತು, ಹಿಂದಿನ ವರ್ಷದ ಬೆಳೆಯನ್ನೇ ಮತ್ತೆ ಒತ್ತಿ, ಒಂದೇ ತೋಟದ ಫೋಟೊವನ್ನು ಕೋನ ಬದಲಿಸಿ ನಾಲ್ಕು ತಾಕಿಗೆ ಹಾಕುವವನ ಗ್ರಾಮ ಪ್ರಗತಿಯ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತದೆ, ಅವನಿಗೆ ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಶೇಕಡಾವಾರು ಪ್ರಗತಿಯನ್ನು ಮಾತ್ರ ಕೇಳುವ ವ್ಯವಸ್ಥೆ ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಕಳೆದುಕೊಳ್ಳುತ್ತದೆ ಎಂಬುದು ನಮ್ಮ ಹೋಬಳಿಯಲ್ಲೇ ಕಾಣುತ್ತಿದೆ. ಮಣ್ಣು, ಬೆಳೆ, ಊರು ಬಲ್ಲ, ಸ್ವಂತ ತೋಟದಲ್ಲಿ ದುಡಿದು ಬೆಳೆದ ಹುಡುಗ ಹುಡುಗಿಯರು ಒಂದೆರಡು ಹಂಗಾಮಿನ ನಂತರ ಹೋಂಸ್ಟೇಗಳಿಗೋ ಕುಶಾಲನಗರದ ಅಂಗಡಿಗಳಿಗೋ ಕೆಲಸಕ್ಕೆ ಹೋಗಿದ್ದಾರೆ. ಹಾಲುವಾಣ ಯಾವುದು, ಅತ್ತಿ ಯಾವುದು ಎಂದು ತಿಳಿಯದವರೂ ಕೆಲವು ಕಡೆ ಈ ಕೆಲಸಕ್ಕೆ ಬಂದಿದ್ದಾರೆ. ಆ ಮಕ್ಕಳನ್ನೂ ನಾನು ದೂರುವುದಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡುವವರಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ ಎಂಬುದೇ ದುಃಖದ ಸಂಗತಿ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನೆ ನಡೆಯುತ್ತದೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಒಂದು ಎಕರೆ ಕಾಫಿ ತೋಟದಲ್ಲಿ ಎಷ್ಟು ಮೆಣಸಿನ ಬಳ್ಳಿ ಇದ್ದರೆ ಅದನ್ನು ಎಷ್ಟು ವಿಸ್ತೀರ್ಣವೆಂದು ಪರಿಗಣಿಸಬೇಕು ಎಂಬ ಒಂದು ಪುಟದ ಕೋಷ್ಟಕವನ್ನು ಇಲ್ಲಿನ ವಿಜ್ಞಾನಿಗಳು ಒಂದು ಮಧ್ಯಾಹ್ನ ಕುಳಿತು ಬರೆದುಕೊಡಬಲ್ಲರು. ಅವರನ್ನು ಯಾರಾದರೂ ಕೇಳಬೇಕು.

ತಾಕಿನ ಮಟ್ಟದ ದಾಖಲೆಯ ಬೆಲೆ ಮುಂದೆ ಇನ್ನೂ ಹೆಚ್ಚಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎಂಬ ಯುರೋಪಿಯನ್ ಒಕ್ಕೂಟದ ನಿಯಮದ ಜಾರಿ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತಿದ್ದರೂ, ನಮ್ಮ ಕಾಫಿಗೆ ದೊಡ್ಡ ಮಾರುಕಟ್ಟೆ ಅಲ್ಲಿರುವುದರಿಂದ ಪ್ರತಿ ತೋಟದ ಸ್ಥಳ ಗುರುತನ್ನು ಕೊಡಬೇಕಾದ ದಿನ ದೂರವಿಲ್ಲ. ಕಾಫಿ ಮಂಡಳಿಯವರು ಅದಕ್ಕಾಗಿ ಬೆಳೆಗಾರರ ನೋಂದಣಿ ನಡೆಸುತ್ತಿದ್ದಾರೆ. ದೊಡ್ಡ ಎಸ್ಟೇಟಿನವರು ತಮ್ಮದೇ ಸಿಬ್ಬಂದಿ ಇಟ್ಟು ಅದನ್ನು ಮಾಡಿಸಿಕೊಳ್ಳುತ್ತಾರೆ. ಎರಡು ಎಕರೆಯವನಿಗೆ ಯಾರು ಮಾಡಿಕೊಡುತ್ತಾರೆ? ಆತ ಸಮೀಕ್ಷೆಗೆ ಬಂದ ನಮ್ಮನ್ನೇ ನಿಲ್ಲಿಸಿ, ತನ್ನ ಫೋನ್ ಮುಂದೆ ಚಾಚಿ, ಇದನ್ನೂ ಒಂದು ನೋಡಿ ಎನ್ನುತ್ತಾನೆ. ನಾವು ನೋಡುತ್ತೇವೆ. ಕಿಸಾನ್ ಸಮ್ಮಾನ್ ಕಂತು ಏಕೆ ನಿಂತಿದೆ, ರೈತರ ಗುರುತಿನ ಸಂಖ್ಯೆಗೆ ಇನ್ನೊಂದು ಸರ್ವೆ ನಂಬರ್ ಸೇರಿಸುವುದು ಹೇಗೆ, ಆಧಾರ್ ಜೋಡಣೆ ಆಗಿದೆಯೇ ಎಂದೆಲ್ಲ ಕೇಳುತ್ತಾರೆ, ನಮಗೆ ತಿಳಿದಷ್ಟು ಮಾಡಿಕೊಡುತ್ತೇವೆ. ಇದಕ್ಕೆ ಹಣ ಕೇಳುವುದಿಲ್ಲ, ಕೇಳಬಾರದು ಕೂಡ. ಊರಿನಲ್ಲಿ ಇಂಥ ಒಬ್ಬ ಮನುಷ್ಯ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಜಾರಿದಾಗ ಯಾರ ತೋಟ ಎಲ್ಲಿಯವರೆಗೆ ಇತ್ತು, ಅದರಲ್ಲಿ ಏನೇನು ಇತ್ತು ಎಂದು ಹೇಳಬಲ್ಲವರಾಗಿದ್ದದ್ದು ಆ ಊರಿನ ನೆಲ ತುಳಿದು ಬಲ್ಲವರು ಮಾತ್ರ. ಇನ್ನೊಂದು ಅಂಥ ಮಳೆ ಬರುವ ಮೊದಲು ದಾಖಲೆ ನೆಟ್ಟಗಿರಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳಿವು. ಕೊಡಗಿನಂಥ ಮಲೆನಾಡು ಜಿಲ್ಲೆಗಳಿಗೆ ಮುಂಗಾರು ಸಮೀಕ್ಷೆಯ ಅವಧಿಯನ್ನು ಪ್ರತ್ಯೇಕವಾಗಿ ನಿಗದಿಪಡಿಸಿ. ಗದ್ದೆಗಳ ಸಮೀಕ್ಷೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ನಂತರ ನಡೆಯಲಿ. ರೆಡ್ ಅಲರ್ಟ್ ಇರುವ ದಿನ ಯಾರನ್ನೂ ತಾಕಿಗೆ ಕಳಿಸಬಾರದು ಎಂಬ ಆದೇಶ ಲಿಖಿತವಾಗಿ ಹೊರಡಲಿ. ಕಾಫಿ ತೋಟದ ಮಿಶ್ರ ಬೆಳೆಯನ್ನು, ಅದರಲ್ಲೂ ಮೆಣಸನ್ನು ದಾಖಲಿಸುವ ವಿಧಾನವನ್ನು ಇಲ್ಲಿನ ಸಂಶೋಧನಾ ಕೇಂದ್ರಗಳ ಸಲಹೆ ಪಡೆದು ಸಿದ್ಧಪಡಿಸಿ, ತರಬೇತಿಯನ್ನು ಸಭಾಂಗಣದಲ್ಲಿ ಮುಗಿಸದೆ ಒಂದು ತೋಟದೊಳಗೆ ಕೊಡಿಸಿ. ತಲುಪಲಾಗದ ತಾಕನ್ನು ತಲುಪಲಾಗಲಿಲ್ಲ ಎಂದೇ ದಾಖಲಿಸಲು ಆ್ಯಪ್‌ನಲ್ಲಿ ಜಾಗ ಇರಲಿ, ಮತ್ತು ಹಾಗೆ ದಾಖಲಿಸಿದವನನ್ನು ಪ್ರಗತಿ ಕಡಿಮೆ ಎಂದು ಗದರಿಸುವುದು ನಿಲ್ಲಲಿ. ಊಹಿಸಿ ಬರೆದ ಬೆಳೆಗಿಂತ ಖಾಲಿ ಬಿಟ್ಟ ಜಾಗ ರೈತನಿಗೆ ಹೆಚ್ಚು ಸುರಕ್ಷಿತ, ಏಕೆಂದರೆ ಖಾಲಿ ಜಾಗವನ್ನು ಮತ್ತೆ ತುಂಬಬಹುದು.

ಸಮೀಕ್ಷೆ ಮುಗಿದ ಕೂಡಲೇ ಗ್ರಾಮದ ಎಲ್ಲ ತಾಕುಗಳ ಬೆಳೆ ವಿವರವನ್ನು ಮುದ್ರಿಸಿ ಗ್ರಾಮ ಪಂಚಾಯಿತಿಯಲ್ಲೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲೂ ಅಂಟಿಸಬೇಕು. ನಮ್ಮ ಜನ ಸಾಲ, ಗೊಬ್ಬರ, ಪಡಿತರ ಎಂದು ಸಂಘಕ್ಕೆ ಬಂದೇ ಬರುತ್ತಾರೆ. ತಮ್ಮ ಹೆಸರಿನ ಮುಂದೆ ಏನಿದೆ ಎಂದು ಅಲ್ಲೇ ಓದಿಕೊಳ್ಳುತ್ತಾರೆ. ಆಕ್ಷೇಪಣೆಯ ಅವಧಿಯನ್ನು ಆ ಪಟ್ಟಿ ಅಂಟಿಸಿದ ದಿನದಿಂದ ಎಣಿಸಬೇಕು, ಆಕ್ಷೇಪಣೆಯನ್ನು ಕಾಗದದಲ್ಲೂ ಸ್ವೀಕರಿಸಬೇಕು. ಸಮೀಕ್ಷೆಯ ದೋಷದಿಂದ ವಿಮೆ ತಪ್ಪಿದೆ ಎಂದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದರೆ ಆ ಅರ್ಜಿಯನ್ನು ಮರಳಿ ತೆರೆಯಲು ಜಿಲ್ಲಾ ಮಟ್ಟದಲ್ಲಿ ಅಧಿಕಾರ ಇರಬೇಕು.

ಸಮೀಕ್ಷೆ ಮಾಡುವವರ ಮಟ್ಟಿಗೆ ಹೇಳುವುದಾದರೆ, ಗುರುತಿನ ಚೀಟಿ, ಕೆಲಸದ ಅವಧಿಗೆ ಅಪಘಾತ ವಿಮೆ, ಭೂಪ್ರದೇಶಕ್ಕೂ ಬೆಳೆಗಳ ಸಂಖ್ಯೆಗೂ ತಕ್ಕ ದರ, ಹಂಗಾಮು ಮುಗಿದ ನಿಗದಿತ ದಿನಗಳೊಳಗೆ ನೇರ ಖಾತೆಗೆ ಹಣ, ಮತ್ತು ಹಣ ತಡವಾದರೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯ ಹೆಸರು ಬೇಕು. ಆನೆಗಳ ಓಡಾಟವಿರುವ ಗ್ರಾಮಗಳಲ್ಲಿ ಅರಣ್ಯ ಇಲಾಖೆಯ ಸಂದೇಶದ ಪಟ್ಟಿಗೆ ನಮ್ಮ ಸಂಖ್ಯೆಗಳನ್ನೂ ಸೇರಿಸಲಿ. ಅಲ್ಲಿಗೆ ಒಬ್ಬರನ್ನೇ ಕಳಿಸದೆ ಇಬ್ಬರನ್ನು ಕಳಿಸಲಿ. ಚೆನ್ನಾಗಿ ಕೆಲಸ ಮಾಡಿದವರನ್ನು ಅದೇ ಗ್ರಾಮಕ್ಕೆ ವರ್ಷದಿಂದ ವರ್ಷಕ್ಕೆ ಮುಂದುವರಿಸಲಿ. ಒಂದು ಗ್ರಾಮದ ನಾಲ್ಕೈದು ನೂರು ತಾಕುಗಳನ್ನು ಬೆಳೆ ಸಮೇತ, ಮನೆತನ ಸಮೇತ ತಿಳಿದುಕೊಳ್ಳಲು ವರ್ಷಗಳು ಬೇಕಾಗುತ್ತವೆ.

ಈ ಪೈಕಿ ಕೆಲವಕ್ಕೆ ಹಣ ಬೇಕು ಎಂಬುದನ್ನು ಬಲ್ಲೆ. ಹಲವಕ್ಕೆ ಬೇಕಾದದ್ದು ಒಂದು ಸುತ್ತೋಲೆ ಮಾತ್ರ. ಮುಂದಿನ ಮುಂಗಾರು ಸಮೀಕ್ಷೆಯ ವೇಳಾಪಟ್ಟಿ ಹೊರಡುವ ಮೊದಲು, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಮೆಣಸಿನ ಕೊಯ್ಲು ನಡೆಯುತ್ತಿರುವಾಗ, ಮೂರೂ ಇಲಾಖೆಗಳ ಅಧಿಕಾರಿಗಳು, ಬೆಳೆಗಾರರ ಪ್ರತಿನಿಧಿಗಳು, ಸಹಕಾರ ಸಂಘಗಳವರು ಮತ್ತು ಸಮೀಕ್ಷೆ ಮಾಡುವ ನಮ್ಮಲ್ಲಿ ಕೆಲವರನ್ನು ಸೇರಿಸಿ ಮಡಿಕೇರಿಯಲ್ಲಿ ಒಂದು ಸಭೆ ಕರೆಯಬೇಕೆಂದು, ಸಭೆಗೆ ಮೊದಲು ಯಾವುದಾದರೂ ಒಂದು ಸಣ್ಣ ತೋಟದೊಳಗೆ ಅಧಿಕಾರಿಗಳೇ ಆ್ಯಪ್ ತೆರೆದು ಒಂದು ತಾಕನ್ನು ಪೂರ್ತಿಯಾಗಿ ದಾಖಲಿಸಿ ನೋಡಬೇಕೆಂದು ತಮ್ಮಲ್ಲಿ ವಿನಯಪೂರ್ವಕವಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಳೆ ಸಮೀಕ್ಷೆಯ ಒಬ್ಬ ಖಾಸಗಿ ನಿವಾಸಿ,
ಕೊಡಗು ಜಿಲ್ಲೆ